ಗಾಲಿಯ ಮನೆಯೂ ಮರದ ಬೇರೂ

ವಾಚಕರನ್ನು ಒಂದು ಗಳಿಗೆ ಕ್ಯಾಲಿಫೋರ್ನಿಯದ ಸಿಯೆರಾ ನೆವಾಡ ಬೆಟ್ಟಗಳ ಕಾಡಿಗೆ ಕರೆದುಕೊಂಡು ಹೋಗಬೇಕೆಂದಿದ್ದೇನೆ. ಹೊತ್ತು ಮುಳುಗುತ್ತ ಬಂದಿದೆ. ಬೆಳಗಿನಿಂದ ಮುನ್ನೂರು ಮೈಲಿ ಮೋಟಾರು ನಡೆಸಿ ನೀವು ದಣಿದಿದ್ದೀರಿ. ನಿಮ್ಮ ಮೋಟಾರಿನ ಬೆನ್ನಿಗೆ ಮೂವತ್ತು ಅಡಿ ಉದ್ದದ ಮನೆಯೊಂದು ಅಂಟಿಕೊಂಡಿದೆ. ಮನೆಯೆಂದರೆ ಉಪಮಾನವಲ್ಲ, ನಿಜವಾದ ಮನೆ. ಒಳಗೆ ಮಂಚವುಂಟು, ಒಲೆಯುಂಟು, ನೀರಿನ ತೊಟ್ಟಿಯುಂಟು, ಬೆಳಿಗ್ಗೆ ತೊಳೆದು ಮಗುಚಿಟ್ಟ ಕಾಫಿಯ ಲೋಟಗಳೂ ಉಂಟು. ಇದಕ್ಕೆ ಆ ನಾಡಿನಲ್ಲಿ ಟ್ರೇಲರು ಎನ್ನುತ್ತಾರೆ. ರಾತ್ರಿ ತಂಗುವುದಕ್ಕೆಂದು ಕಾಡಿನ ನಡುವೆ ಸರ್ಕಾರದವರು ಬಿಡಾರದ ತೋಪೊಂದನ್ನು ಮಾಡಿಟ್ಟಿದ್ದಾರೆ. ಬಳಸಿಕೊಂಡು ಹೋಗುವ ಒಂದು ದಾರಿ. ಆ ದಾರಿಯಿಂದ ಅಲ್ಲಲ್ಲಿ ಓರೆಯಾಗಿ ಒಳಕ್ಕೆ ಸರಿದ ಚಿಕ್ಕ ಚಿಕ್ಕ ಕವಲುಗಳು. ಒಂದೊಂದು ಕವಲಿನ ಪಕ್ಕದಲ್ಲೂ ಒಂದು ಮೇಜು, ಒಂದು ಒಲೆಕಲ್ಲು. ನಿಮಗೆ ಗೊತ್ತುಮಾಡಿದ ಕವಲಿನ ಅಗಲ ಹತ್ತು ಹನ್ನೆರಡು ಅಡಿ. ನಿಮ್ಮ ಮನೆಯ ಅಗಲ ಎಂಟು ಅಡಿ. ಬಾಯಿಯ ಎಡಕ್ಕೆ ಎಮ್ಮೆಯಷ್ಟು ದೊಡ್ಡ ಬಂಡೆ, ಬಲಕ್ಕೆ ಒಂದು ಪೈನ್ ಮರ. ಇದರೊಳಕ್ಕೆ ನೀವು ಮನೆಯನ್ನು ಹಿಂದುಹಿಂದಾಗಿ ಹೊಗಿಸಬೇಕು.

ಅಕ್ಕಪಕ್ಕದ ತಾಣದವರು ಆಗಲೇ ಕುರ್ಚಿಗಳನ್ನು ದಾರಿಯ ಕಡೆಗೆ ತಿರುಗಿಸಿಕೊಂಡು ಕುಳಿತಿದ್ದಾರೆ. ಆ ತೋಪುಗಳಲ್ಲಿ ಸಂಜೆಯ ನಾಟಕ ಇದೇ. ನಿಮ್ಮ ಹೆಂಡತಿ ಹಿಂದೆ ನಿಂತು ಕೈ ಬೀಸುತ್ತಿದ್ದಾರೆ. ಆ ಕೈ ಬಾ ಎನ್ನುತ್ತದೆಯೋ ಬೇಡ ಎನ್ನುತ್ತದೆಯೋ ಕನ್ನಡಿಯಲ್ಲಿ ತಿಳಿಯದು. ನೀವು ಚಕ್ರವನ್ನು ಎಡಕ್ಕೆ ತಿರುಗಿಸುತ್ತೀರಿ, ಮನೆ ಬಲಕ್ಕೆ ಹೋಗುತ್ತದೆ. ಬಲಕ್ಕೆ ತಿರುಗಿಸುತ್ತೀರಿ, ಅದು ಎಡಕ್ಕೆ ಹೊರಟು ಬಂಡೆಯ ಕಡೆಗೆ ಕಣ್ಣುಹಾಕುತ್ತದೆ. ಆಗ ನಿಮ್ಮ ಬಾಯಲ್ಲಿ ಬರುವ ಮೊದಲನೆಯ ಮಾತು ಇದು: ಇಷ್ಟು ದೊಡ್ಡ ಕಾಡಿನಲ್ಲಿ ಇಷ್ಟು ಇಕ್ಕಟ್ಟಾದ ಜಾಗವನ್ನು ಮಾಡಿದ ಪುಣ್ಯಾತ್ಮ ಯಾರು?

ಪ್ರಶ್ನೆ ಸಿಟ್ಟಿನಿಂದ ಹುಟ್ಟಿದ್ದಾದರೂ ಅದಕ್ಕೆ ಉತ್ತರವುಂಟು. ಆ ಇಕ್ಕಟ್ಟು ಜಿಪುಣತನದಿಂದ ಬಂದದ್ದಲ್ಲ, ಅಜಾಗರೂಕತೆಯಿಂದ ಬಂದದ್ದೂ ಅಲ್ಲ. ಅದನ್ನು ಬೇಕೆಂದೇ ಮಾಡಿದರು. ಮಾಡಿಸಿದಾತನಿಗೆ ಹೆಸರುಂಟು, ಇಸವಿಯೂ ಉಂಟು. ಆ ಕಥೆಗೆ ಬರುವ ಮುನ್ನ ಈ ಹಿಂದಕ್ಕೆ ಹೋಗುವ ಕಷ್ಟವೇನೆಂಬುದನ್ನು ಸ್ವಲ್ಪ ನೋಡಬೇಕು.

ಹಳ್ಳಿಯಲ್ಲಿ ಬೆಳೆದವರು ಇದನ್ನು ಬೇಗ ತಿಳಿಯುತ್ತಾರೆ. ಎತ್ತಿನ ಗಾಡಿಯನ್ನು ಕೊಟ್ಟಿಗೆಗೆ ಹಿಂದಾಗಿ ಬಿಡಬೇಕಾದರೆ ಬಲ್ಲ ಗಾಡಿಯವನು ಎತ್ತುಗಳ ಕೊರಳು ಬಿಚ್ಚಿಬಿಡುತ್ತಾನೆ. ಮೂಕಿ ಹಿಡಿದು ತಾನೇ ತಳ್ಳುತ್ತಾನೆ. ಗಾಡಿಯೂ ಮೂಕಿಯೂ ಒಂದೇ ತುಂಡು. ಮೂಕಿಯನ್ನು ಎತ್ತ ನೂಕಿದರೆ ಅದರ ಉತ್ತರ ಕೂಡಲೇ ಕೈಗೆ ತಿಳಿಯುತ್ತದೆ. ಎತ್ತು ಕಟ್ಟಿದ್ದಾಗ ಹಾಗಲ್ಲ, ನಡುವೆ ಒಂದು ಕೀಲು ಬರುತ್ತದೆ. ಮೋಟಾರಿಗೂ ಟ್ರೇಲರಿಗೂ ನಡುವೆ ಇರುವುದೂ ಅಂಥ ಕೀಲೇ. ಮುಂದಕ್ಕೆ ಎಳೆಯುವಾಗ ಟ್ರೇಲರು ತಾಯಿಯ ಹಿಂದೆ ಬರುವ ಕರು. ಸ್ವಲ್ಪ ಓರೆಯಾಗಿದ್ದರೂ ತಾನಾಗಿ ನೆಟ್ಟಗಾಗುತ್ತದೆ. ಹಿಂದಕ್ಕೆ ತಳ್ಳುವಾಗ ಕೂದಲೆಳೆಯಷ್ಟು ಓರೆಯಿದ್ದರೂ ಅದು ಬೆಳೆಯುತ್ತ ಹೋಗುತ್ತದೆ. ತಡೆಯದಿದ್ದರೆ ಮಡಿಸುವ ಚಾಕುವಿನಂತೆ ಎರಡು ಗಾಡಿಗಳೂ ಒಂದರ ಪಕ್ಕಕ್ಕೆ ಇನ್ನೊಂದು ಮಡಚಿಕೊಳ್ಳುತ್ತವೆ. ಅಂಗೈಯ ಮೇಲೆ ಕೋಲು ನಿಲ್ಲಿಸುವ ಆಟವನ್ನು ಚಿಕ್ಕಂದಿನಲ್ಲಿ ಆಡಿದ್ದೀರಷ್ಟೆ? ಕೋಲು ಬೀಳುವ ಕಡೆಗೆ ಕೈ ಓಡಬೇಕು. ಓಡಿದ ಕೈ ಸಕಾಲದಲ್ಲಿ ಹಿಂದಿರುಗಬೇಕು. ಇದು ಅದೇ ಆಟ, ಕೋಲನ್ನು ಮಲಗಿಸಿ ಆಡಿದ್ದು. ಪೆನ್ಸಿಲು ನಿಲ್ಲಿಸುವುದಕ್ಕಿಂತ ಉದ್ದನೆಯ ಕೋಲು ನಿಲ್ಲಿಸುವುದು ಸುಲಭವಾದಂತೆ, ಗಿಡ್ಡ ಟ್ರೇಲರಿಗಿಂತ ಉದ್ದದ ಟ್ರೇಲರು ಹಿಂದಕ್ಕೆ ಹೋಗುವಾಗ ಮೆಲ್ಲಗೆ ಓರೆಯಾಗುತ್ತದೆ, ಸರಿಪಡಿಸಲು ಹೊತ್ತು ಕೊಡುತ್ತದೆ. ಆದರೆ ಉದ್ದದ್ದಕ್ಕೆ ಜಾಗ ಹೆಚ್ಚು ಬೇಕು. ಕಾಡಿನ ತೋಪಿನಲ್ಲಿ ಇಲ್ಲದ ವಸ್ತು ಅದೊಂದೇ.

ಅನುಭವಿಗಳು ಹೊಸಬರಿಗೆ ಹೇಳಿಕೊಡುವ ಯುಕ್ತಿಯೊಂದುಂಟು. ಚಕ್ರದ ತಲೆಯನ್ನು ಹಿಡಿಯಬೇಡಿ, ಬುಡವನ್ನು ಹಿಡಿಯಿರಿ. ಟ್ರೇಲರಿನ ಬಾಲ ಎಡಕ್ಕೆ ಹೋಗಬೇಕೆ, ಕೈಯನ್ನು ಎಡಕ್ಕೆ ಸರಿಸಿ. ಬಲಕ್ಕೆ ಬೇಕೆ, ಬಲಕ್ಕೆ ಸರಿಸಿ. ಚಕ್ರ ತಿರುಗುವುದು ಮೊದಲಿನಂತೆ ವಿರುದ್ಧ ದಿಕ್ಕಿಗೇ, ಆದರೆ ಮನಸ್ಸಿಗೆ ಆ ವಿರೋಧ ಕಾಣುವುದಿಲ್ಲ. ಇನ್ನೊಂದು ಸೂಕ್ಷ್ಮವೂ ಉಂಟು. ಅಮೆರಿಕದಲ್ಲಿ ಮೋಟಾರು ನಡೆಸುವವನು ಎಡಗಡೆ ಕೂರುತ್ತಾನೆ. ಟ್ರೇಲರಿನ ಬಾಲ ಎಡಕ್ಕೆ ತಿರುಗಿದರೆ ಕಿಟಕಿಯಿಂದ ತಲೆ ಹೊರಗೆ ಹಾಕಿ ಅದರ ಮೈಯನ್ನೆಲ್ಲ ನೋಡಬಹುದು. ಬಲಕ್ಕೆ ತಿರುಗಿದರೆ ಮನೆಯ ಗೋಡೆಯೇ ಅಡ್ಡ. ಅದಕ್ಕೆ ಅವರು ಕುರುಡು ಮಗ್ಗುಲು ಎನ್ನುತ್ತಾರೆ. ನಮ್ಮಲ್ಲಿ ಚಾಲಕ ಬಲಗಡೆ ಕೂರುವುದರಿಂದ ಸುಖವೂ ಕಷ್ಟವೂ ಅದಲುಬದಲು. ಇಷ್ಟೂ ಸಾಲದೆಂಬಂತೆ, ಬಾಲ ಒಳಕ್ಕೆ ಹೋಗುತ್ತಿರುವಾಗ ಮೋಟಾರಿನ ಮೂತಿ ದಾರಿಯ ಆಚೆ ಬದಿಗೆ ಬೀಸುತ್ತದೆ. ಹಿಂದಿನ ಮರವನ್ನು ನೋಡುತ್ತಿದ್ದವರು ಮುಂದಿನ ಮರಕ್ಕೆ ಗುದ್ದಿದ್ದುಂಟು.

ವಿನೋದಕ್ಕಾಗಿ ಮನೆಯನ್ನು ಗಾಲಿಯ ಮೇಲೆ ಕಟ್ಟಿ ಹೊರಟ ಮೊದಲಿಗರಲ್ಲಿ ಹೆಸರಾದವನು ಸ್ಕಾಟ್ಲೆಂಡಿನ ವಿಲಿಯಂ ಗಾರ್ಡನ್ ಸ್ಟೇಬಲ್ಸ್. ಬ್ರಿಟಿಷ್ ನೌಕಾಪಡೆಯಲ್ಲಿ ವೈದ್ಯನಾಗಿದ್ದು, ಆಮೇಲೆ ಹುಡುಗರಿಗಾಗಿ ಸಾಹಸದ ಕಥೆಗಳನ್ನು ಬರೆಯುತ್ತ ಬಾಳಿದವನು. ಅಲೆಮಾರಿ ಜಿಪ್ಸಿಗಳ ಬಂಡಿಯನ್ನು ಕಂಡು ಮೋಹಗೊಂಡು, ಬ್ರಿಸ್ಟಲಿನ ಗಾಡಿ ಕಾರ್ಖಾನೆಯಲ್ಲಿ ತನಗೂ ಒಂದನ್ನು ಮಾಡಿಸಿದ. ‘ವಾಂಡರರ್’ ಎಂದು ಅದರ ಹೆಸರು. ಉದ್ದ ಸುಮಾರು 18 ಅಡಿ, ಭಾರ ಸುಮಾರು 2 ಟನ್ನು, ಎಳೆಯುವುದಕ್ಕೆ ಎರಡು ಕುದುರೆ. 1885ರ ಬೇಸಿಗೆಯಲ್ಲಿ ಲಂಡನಿನ ಪಶ್ಚಿಮಕ್ಕಿರುವ ಟ್ವೈಫರ್ಡಿನಿಂದ ಹೊರಟು ಸ್ಕಾಟ್ಲೆಂಡಿನ ಇನ್ವರ್ನೆಸ್ಸಿನವರೆಗೆ ಹೋದ. ಮರುವರ್ಷ ಆ ಪ್ರವಾಸದ ಪುಸ್ತಕ ಬರೆದ. ಅವನ ಪರಿಚಾರಕನು ಮೂರು ಗಾಲಿಯ ಸೈಕಲ್ಲಿನ ಮೇಲೆ ಮುಂದೆ ಹೋಗಿ, ಇಕ್ಕಟ್ಟಿನ ದಾರಿಯಲ್ಲಿ ಎದುರು ಬರುವವರಿಗೆ ಸೂಚನೆ ಕೊಡುತ್ತಿದ್ದ. ಇಂದು ಟ್ರೇಲರಿನ ಹಿಂದೆ ನಿಂತು ಕೈ ಬೀಸುವವರಿಗೆಲ್ಲ ಆ ಸೈಕಲ್ಲಿನವನೇ ಮೂಲಪುರುಷನೆನ್ನಬೇಕು. ಸ್ಟೇಬಲ್ಸನ ದಾರಿಯನ್ನು ಹಿಡಿದವರು ಸೇರಿ 1907ರಲ್ಲಿ ಇಂಗ್ಲೆಂಡಿನಲ್ಲಿ ಕ್ಯಾರವಾನ್ ಸಂಘ ಕಟ್ಟಿದರು. ಆ ದೇಶದ ಬಂಡಿಗಳು ಮೋಟಾರಿನ ಕಾಲ ಬಂದಮೇಲೂ ಹೆಚ್ಚಾಗಿ ಚಿಕ್ಕವಾಗಿಯೇ ಉಳಿದವು. ಹಿಂದಕ್ಕೆ ಹೊಗಿಸುವುದು ಕಷ್ಟವಾದರೆ ಬಿಚ್ಚಿ ಕೈಯಿಂದ ತಳ್ಳುವುದು, ನಮ್ಮ ಗಾಡಿಯವನು ಮೂಕಿ ಹಿಡಿದಂತೆಯೇ. ತಳ್ಳುವ ಶಕ್ತಿಯಿಲ್ಲದವರಿಗೆ ಈಗ ಗಾಲಿಗೆ ತಗಲಿಸುವ ವಿದ್ಯುತ್ ಉರುಳೆಗಳು ಬಂದಿವೆ. ಅಮೆರಿಕದವರು ಈ ದಾರಿ ಹಿಡಿಯಲಿಲ್ಲ. ಅವರ ಮನೆಗಳು ತಳ್ಳುವ ಅಳತೆ ಮೀರಿದವು.

ಅಮೆರಿಕದಲ್ಲಿ ಮೊದಲು ಕಾಡು ಹೊಕ್ಕದ್ದು ಟ್ರೇಲರಲ್ಲ, ಬರಿಯ ಮೋಟಾರು. 1908ರಲ್ಲಿ ಮೌಂಟ್ ರೇನಿಯರ್ ಎಂಬ ರಾಷ್ಟ್ರೀಯ ಉದ್ಯಾನಕ್ಕೆ ಅದನ್ನು ಬಿಟ್ಟರು. 1913ರಲ್ಲಿ ಯೊಸೆಮಿಟಿ ಕಣಿವೆಗೆ ಬಿಟ್ಟರು. ಅಲ್ಲಿಂದಾಚೆಗೆ ತಡೆಯೇ ಇಲ್ಲ. ಗುಡಾರ, ಹಾಸಿಗೆ, ಬಾಣಲೆಗಳನ್ನು ಮೋಟಾರಿನ ಮೇಲೆ ಹೇರಿಕೊಂಡು ಸಂಸಾರಗಳು ಹೊರಟವು. ಡಬ್ಬಿಯ ಆಹಾರ ತಿಂದುಕೊಂಡು ತಿರುಗುವ ಇವರು 1919ರಲ್ಲಿ ಫ್ಲಾರಿಡದ ಟ್ಯಾಂಪಾದಲ್ಲಿ ಸೇರಿ ‘ಟಿನ್ ಕ್ಯಾನ್ ಟೂರಿಸ್ಟ್ಸ್’ ಎಂದು ತಮ್ಮನ್ನೇ ತಾವು ಹಾಸ್ಯಮಾಡಿಕೊಂಡು ಸಂಘ ಕಟ್ಟಿದರು. ಕಾಡಿನ ಬಿಡಾರದಲ್ಲಿ ಆಗ ಕಟ್ಟುಪಾಡು ಕಡಮೆ. ಕವಲಿಲ್ಲ, ನಂಬರಿಲ್ಲ. ಮೋಟಾರನ್ನು ಮರಗಳ ನಡುವೆ ಎಲ್ಲಿಗೆ ಬೇಕಾದರೂ ನುಗ್ಗಿಸಬಹುದು; ಮನಸ್ಸಿಗೆ ಬಂದಲ್ಲಿ ಗೂಟ ಹೊಡೆಯಬಹುದು. ಹಿಂದಕ್ಕೆ ಹೋಗುವ ತಾಪತ್ರಯವೂ ಇಲ್ಲ, ಸುತ್ತಿಕೊಂಡು ಹೊರಗೆ ಬಂದರಾಯಿತು. ಇಂದಿನ ಇಕ್ಕಟ್ಟಿನಲ್ಲಿ ಬೆವರುವವರು ಆ ಕಾಲವನ್ನು ಸ್ವರ್ಗವೆಂದು ನೆನೆಯಬಹುದು. ಆದರೆ ಆ ಸ್ವರ್ಗಕ್ಕೆ ಬೆಲೆ ತೆತ್ತವರು ಬೇರೆ ಇದ್ದರು.

ಅದನ್ನು ಮೊದಲು ಕಣ್ಣಿಟ್ಟು ನೋಡಿದವನು ಇ. ಪಿ. ಮೈನೆಕೆ. ಅಮೆರಿಕದ ಕೃಷಿ ಇಲಾಖೆಯಲ್ಲಿ ಸಸ್ಯರೋಗ ಶಾಸ್ತ್ರಜ್ಞ. ಮರಕ್ಕೆ ಬರುವ ಬೂಷ್ಟು, ಕೊಳೆ, ಹುಣ್ಣುಗಳನ್ನು ಅಭ್ಯಾಸ ಮಾಡುವುದು ಅವನ ವೃತ್ತಿ, ಮರದ ವೈದ್ಯನೆನ್ನಿ. ಕ್ಯಾಲಿಫೋರ್ನಿಯದ ಸಿಕೋಯ ರಾಷ್ಟ್ರೀಯ ಉದ್ಯಾನದ ಮಹಾವೃಕ್ಷಗಳಿಗೆ ಪ್ರವಾಸಿಗಳಿಂದ ಏನು ಹಾನಿಯಾಗುತ್ತಿದೆಯೆಂದು ನೋಡಿ 1926ರಲ್ಲಿ ಒಂದು ಟಿಪ್ಪಣಿ ಬರೆದ. ಈ ಮರಗಳ ಎತ್ತರ 250 ಅಡಿ ದಾಟುವುದುಂಟು, ಆಯಸ್ಸು ಎರಡು ಮೂರು ಸಾವಿರ ವರ್ಷ. ಇಷ್ಟು ದೊಡ್ಡ ಮರಕ್ಕೆ ಪಾತಾಳಕ್ಕೆ ಇಳಿದ ತಾಯಿಬೇರು ಇರಬೇಕೆಂದು ನಾವು ಎಣಿಸುತ್ತೇವೆ. ಬೆಳೆದ ಮರಕ್ಕೆ ಅದಿಲ್ಲ. ಬೇರು ಆಳಕ್ಕಿಂತ ಅಗಲಕ್ಕೆ ಹರಡಿದೆ. ಮರಕ್ಕೆ ನೀರೂಡಿಸುವ ಕೂದಲಿನಂಥ ಸಣ್ಣ ಬೇರುಗಳಂತೂ ನೆಲದ ಮೇಲುಪದರದಲ್ಲೇ ಇವೆ, ನೀವು ಗುಡಾರದ ಗೂಟ ಹೊಡೆಯುವಲ್ಲಿ, ಮೋಟಾರು ನಿಲ್ಲಿಸುವಲ್ಲಿ.

ಮೈನೆಕೆ ಕಂಡುಕೊಂಡದ್ದು ಬಹಳ ಸರಳವಾದ ಮಾತು. ಪ್ರವಾಸಿ ಮರವನ್ನು ಕಡಿಯುವುದಿಲ್ಲ, ಸುಡುವುದಿಲ್ಲ, ಅದನ್ನು ಪ್ರೀತಿಸುತ್ತಾನೆ. ಪ್ರೀತಿಸುವುದರಿಂದಲೇ ಎಲ್ಲಕ್ಕಿಂತ ದೊಡ್ಡ ಮರದ ಬುಡವನ್ನು ಹುಡುಕಿಕೊಂಡು ಹೋಗಿ ಅಲ್ಲೇ ಬಿಡಾರ ಹೂಡುತ್ತಾನೆ. ಅವನ ಕಾಲೂ ಗಾಲಿಯೂ ಮಣ್ಣನ್ನು ಗಟ್ಟಿಯಾಗಿ ತುಳಿಯುತ್ತವೆ. ತುಳಿದ ಮಣ್ಣಿಗೆ ಮಳೆನೀರು ಇಳಿಯದು, ಗಾಳಿ ಆಡದು. ಮೊದಲು ಹುಲ್ಲು ಸಾಯುತ್ತದೆ, ಆಮೇಲೆ ಪೊದೆ, ಆಮೇಲೆ ಎಳೆಯ ಸಸಿ. ದೊಡ್ಡ ಮರ ಕೂಡಲೇ ಸಾಯುವುದಿಲ್ಲ. ಅದೇ ಮೋಸ. ವರ್ಷಗಟ್ಟಲೆ ಕೃಶವಾಗುತ್ತ ಹೋಗಿ ಎಂದೋ ಒಂದು ದಿನ ಒಣಗಿದಾಗ, ಅದನ್ನು ಕೊಂದವರು ಯಾರೆಂದು ಯಾರಿಗೂ ತಿಳಿಯುವುದಿಲ್ಲ, ಕೊಂದವರಿಗೇ ತಿಳಿಯುವುದಿಲ್ಲ. ನೆರಳು ಹೋಗಿ ಧೂಳಾದ ತೋಪನ್ನು ಬಿಟ್ಟು ಜನ ಮುಂದಿನ ತೋಪಿಗೆ ಹೋಗುತ್ತಾರೆ. ಅಲ್ಲಿಯೂ ಅದೇ ಕಥೆ.

ಹಾಗಾದರೆ ಜನರನ್ನು ಕಾಡಿನಿಂದ ಓಡಿಸಬೇಕೆ? ಮೈನೆಕೆ ಹಾಗೆನ್ನಲಿಲ್ಲ. 1932ರಲ್ಲಿ ಅವನು ಬರೆದ ಬಿಡಾರದ ನೀತಿಯ ಸಾರ ಇಷ್ಟೆ: ಕಾಲು ಎಷ್ಟಾದರೂ ತಿರುಗಲಿ, ಗಾಲಿಗೆ ಮಾತ್ರ ಕಟ್ಟುಪಾಡಿರಲಿ. ತೋಪಿನೊಳಗೆ ಒಂದೇ ದಿಕ್ಕಿಗೆ ಹೋಗುವ ಕಿರಿದಾದ ದಾರಿ. ಎದುರು ಬರುವವರಿಲ್ಲವಾದ್ದರಿಂದ ಅದನ್ನು ಅಗಲ ಮಾಡಬೇಕಾಗಿಲ್ಲ; ದೊಡ್ಡ ಮರಗಳನ್ನು ತಪ್ಪಿಸಿ ಬಳಸಿಕೊಂಡು ಹೋಗಬಹುದು. ಆ ದಾರಿಯಿಂದ ಒಂದೊಂದು ಸಂಸಾರಕ್ಕೆ ಒಂದೊಂದು ಓರೆಗವಲು, ಒಂದು ಮೋಟಾರು ಹಿಡಿಸುವಷ್ಟೇ. ಕವಲಿನ ಎರಡು ಬದಿಗೂ ಬಂಡೆ ಅಥವಾ ದಿಮ್ಮಿ. ಮೇಜು, ಒಲೆ, ಗುಡಾರದ ನೆಲೆ ಎಲ್ಲ ಗೊತ್ತಾದ ಸ್ಥಳದಲ್ಲಿ. ತಾಣಕ್ಕೂ ತಾಣಕ್ಕೂ ನಡುವೆ ಪೊದೆ ಬೆಳೆಯಲು ಬಿಟ್ಟ ನೆಲ, ಅದೇ ಗೋಡೆ, ಅದೇ ಮರ್ಯಾದೆ. ಮೋಟಾರಿನವನು ಮೂತಿ ಮುಂದಾಗಿ ಸಲೀಸಾಗಿ ಕವಲಿಗೆ ಇಳಿಯಬೇಕು. ಹೊರಡುವಾಗ ಹಿಂದಾಗಿ ದಾರಿಗೆ ಬಂದು ಮುಂದೆ ಸಾಗಬೇಕು. ನಿಮ್ಮ ಬಂಡೆಯನ್ನು ಅಲ್ಲಿಡಿಸಿದ ಪುಣ್ಯಾತ್ಮ ಈತನೇ.

ಒಬ್ಬ ವಿದ್ವಾಂಸನ ಟಿಪ್ಪಣಿ ಕಾಗದದಲ್ಲೇ ಉಳಿದುಹೋಗುವುದು ಲೋಕರೂಢಿ. ಇದು ಉಳಿಯದೆ ಇದ್ದುದಕ್ಕೆ ಕಾರಣ ಬಡತನ. 1933ರಲ್ಲಿ ದೇಶವೆಲ್ಲ ಕೆಲಸವಿಲ್ಲದೆ ಕೂತಿದ್ದಾಗ ಅಧ್ಯಕ್ಷ ರೂಸ್‌ವೆಲ್ಟರು ನಿರುದ್ಯೋಗಿ ತರುಣರ ದಳವೊಂದನ್ನು ಕಾಡಿನ ಕೆಲಸಕ್ಕೆ ಕಳಿಸಿದರು. ತಿಂಗಳಿಗೆ 30 ಡಾಲರ್ ಸಂಬಳ. ಅದರಲ್ಲಿ 25ರಷ್ಟು ಮನೆಗೆ ಹೋಗತಕ್ಕದ್ದು. ಈ ಹುಡುಗರು 1942ರವರೆಗೆ ಗಿಡ ನೆಟ್ಟರು, ಬೆಂಕಿ ಆರಿಸಿದರು, ದಾರಿ ಕಡಿದರು. ಮೈನೆಕೆಯ ನಕ್ಷೆಯಂತೆ ಬಿಡಾರದ ತೋಪುಗಳನ್ನೂ ಕಟ್ಟಿದರು. ಬಂಡೆಯನ್ನು ಸುಮ್ಮನೆ ಉರುಳಿಸಿ ಬಿಡುವಂತಿಲ್ಲ. ಅರ್ಧ ಹೂತು, ಪ್ರಕೃತಿಯೇ ಇಟ್ಟಂತೆ ಕಾಣಿಸಬೇಕು. ಕಷ್ಟದ ಕಾಲದ ಕೈಗಳಾದ್ದರಿಂದ ಕೆಲಸ ಗಟ್ಟಿಯಾಯಿತು. ಅವುಗಳಲ್ಲಿ ಎಷ್ಟೋ ತೋಪುಗಳು ಈಗಲೂ ಬಳಕೆಯಲ್ಲಿವೆ.

ಎಲ್ಲ ಸರಿಹೋಯಿತೆನ್ನುವಷ್ಟರಲ್ಲಿ ಟ್ರೇಲರು ಬಂತು.

ಅದರ ಹುಟ್ಟಿನ ಕಥೆಯೂ ಸ್ವಾರಸ್ಯವಾಗಿದೆ. ಡೆಟ್ರಾಯಿಟ್ ನಗರದ ಆರ್ಥರ್ ಷರ್ಮನ್ ಸೂಕ್ಷ್ಮಜೀವಿ ಶಾಸ್ತ್ರಜ್ಞ. ಈ ಚರಿತ್ರೆಯಲ್ಲಿ ವೈದ್ಯಕ್ಕೆ ಸಂಬಂಧಪಡದವರೇ ಕಡಮೆಯೆಂದು ಕಾಣುತ್ತದೆ. 1920ರ ದಶಕದ ಕೊನೆಯಲ್ಲಿ ಗಾಲಿಯ ಮೇಲಿನ ಗುಡಾರವೊಂದನ್ನು ಕೊಂಡು ಹೆಂಡತಿ ಮಕ್ಕಳೊಡನೆ ಹೊರಟ. ಅದನ್ನು ಬಿಚ್ಚಿ ನಿಲ್ಲಿಸುವಷ್ಟರಲ್ಲಿ ಮಳೆ ಬಂದು ಎಲ್ಲರೂ ತೊಯ್ದು ತೊಪ್ಪೆಯಾದರು. ಮನೆಗೆ ಬಂದವನೇ ಬಡಗಿಯನ್ನು ಕರೆಸಿ 6 ಅಡಿ ಅಗಲ, 9 ಅಡಿ ಉದ್ದದ ಗಟ್ಟಿ ಪೆಟ್ಟಿಗೆಯೊಂದನ್ನು ಮಾಡಿಸಿದ. ಹಿಂದಿನ ಕಾಲದ ವಲಸೆಗಾರರ ಬಂಡಿಯನ್ನು ನೆನೆದು ಮಕ್ಕಳು ಅದನ್ನು ‘ಕವರ್ಡ್ ವ್ಯಾಗನ್’ ಎಂದರು. 1930ರ ಮೋಟಾರು ಪ್ರದರ್ಶನದಲ್ಲಿ ಇಟ್ಟ, ಜನ ಮುಗಿಬಿದ್ದರು. 1936ರ ವೇಳೆಗೆ ಅವನದು ಆ ಉದ್ಯಮದಲ್ಲಿ ಎಲ್ಲಕ್ಕೂ ದೊಡ್ಡ ಕಂಪೆನಿ. ಅದೇ ವರ್ಷ ವಾಲಿ ಬಯಂ ಎಂಬಾತ ವಿಮಾನದ ಮೈಯಂತೆ ಹೊಳೆಯುವ ಅಲ್ಯೂಮಿನಿಯಂ ಹೊದಿಸಿದ ‘ಏರ್‌ಸ್ಟ್ರೀಮ್ ಕ್ಲಿಪ್ಪರ್’ ತಂದ: ನಾಲ್ಕು ಜನ ಮಲಗಬಹುದು, ನೀರು ಜೊತೆಯಲ್ಲೇ, ವಿದ್ಯುದ್ದೀಪ ಬೇರೆ, ಬೆಲೆ 1,200 ಡಾಲರ್. ಇನ್ನು ಇಪ್ಪತ್ತು ವರ್ಷದಲ್ಲಿ ಅಮೆರಿಕದ ಅರ್ಧಕ್ಕೆ ಹೆಚ್ಚು ಜನ ಟ್ರೇಲರುಗಳಲ್ಲೇ ವಾಸಮಾಡುತ್ತಾರೆಂದು ರಾಜರ್ ಬ್ಯಾಬ್ಸನ್ ಎಂಬ ಅರ್ಥಶಾಸ್ತ್ರದ ಭವಿಷ್ಯಕಾರನು ಸಾರಿದ. ಭವಿಷ್ಯ ಸುಳ್ಳಾಯಿತು; ಆದರೆ ಅದನ್ನು ಹೇಳಿದಾಗ ನಂಬಿದವರಿದ್ದರು.

ನಂಬಿದವರಲ್ಲಿ ಮೈನೆಕೆಯೂ ಒಬ್ಬನಿರಬೇಕು, ಏಕೆಂದರೆ ಅವನಿಗೆ ಗಾಬರಿಯಾಯಿತು. 1935ರಲ್ಲಿ ಅವನು ಬರೆದ ಟಿಪ್ಪಣಿಯ ಹೆಸರೇ ‘ಟ್ರೇಲರಿನ ಪಿಡುಗು’. ಅವನ ಗಾಬರಿಗೆ ಕಾರಣ ತಿಳಿಯಬೇಕಾದರೆ ಓರೆಗವಲನ್ನು ಮನಸ್ಸಿನಲ್ಲಿ ಚಿತ್ರಿಸಿಕೊಳ್ಳಿ. ಮೋಟಾರು ಮೂತಿ ಮುಂದಾಗಿ ಇಳಿಯುವ ಅನುಕೂಲಕ್ಕೆ ಅದು ದಾರಿ ಸಾಗುವ ದಿಕ್ಕಿಗೇ ಓರೆಯಾಗಿದೆ, ಮರದ ಕೊಂಬೆ ಕಾಂಡದಿಂದ ಮುಂದಕ್ಕೆ ಒಡೆದಂತೆ. ಟ್ರೇಲರಿನವನು ಇದಕ್ಕೆ ಮೂತಿ ಮುಂದಾಗಿ ಇಳಿದನೆನ್ನಿ. ಮೋಟಾರು ಕವಲಿನ ಕೊನೆಯಲ್ಲಿ, ಟ್ರೇಲರು ಬಾಯಿಯಲ್ಲಿ, ಮೋಟಾರಿಗೆ ಸೆರೆ. ಮನೆಯನ್ನು ಬಿಚ್ಚಿಟ್ಟು ಸುತ್ತಮುತ್ತ ನೋಡಿಕೊಂಡು ಬರುವಂತಿಲ್ಲ. ಆದಕಾರಣ ಟ್ರೇಲರು ಒಳಗೆ, ಮೋಟಾರು ಹೊರಗೆ ಇರಬೇಕು. ಎಂದರೆ ಹಿಂದಾಗಿಯೇ ಹೋಗಬೇಕು. ಮುಂದಕ್ಕೆ ಓರೆಯಾದ ಕವಲಿಗೆ ಹಿಂದಿನಿಂದ ಹೊಗಿಸಬೇಕಾದರೆ ಮೂಲೆಮಟ್ಟಕ್ಕಿಂತ ಹೆಚ್ಚು ತಿರುಗಿಸಬೇಕು. ಒಂದೇ ಮೋಟಾರಿನ ಅಗಲದ ದಾರಿಯಲ್ಲಿ ಇದು ಆಗತಕ್ಕದ್ದೆ? ಗಾಲಿ ದಾರಿ ಬಿಟ್ಟು ಇಳಿಯುತ್ತದೆ, ಪೊದೆ ತುಳಿಯುತ್ತದೆ, ಬೇರಿನ ಮೇಲೆ ಏರುತ್ತದೆ. ಕಾಪಾಡಿದೆವೆಂದು ತಿಳಿದಿದ್ದ ಮರವೇ ಮತ್ತೆ ತುಳಿತಕ್ಕೆ ಸಿಕ್ಕುತ್ತದೆ. ಟ್ರೇಲರಿನವನಿಗೆ ಬೇಕಾದಷ್ಟು ಜಾಗ ಕೊಡೋಣವೆಂದರೆ ಅದೇ ತೋಪಿನ ಮರಗಳನ್ನು ಕಡಿಯಬೇಕು. ಮೈನೆಕೆಗೆ ಇದ್ದ ಸಂಕಟ ಇದು. ನನಗೆ ಕೇಳಿದರೆ, ಪಿಡುಗು ಎಂದ ಮಾತು ಒರಟಾದರೂ ಸುಳ್ಳಲ್ಲ.

ನಡುದಾರಿಯನ್ನು ತೋರಿಸಿದ್ದು ಆಲ್ಬರ್ಟ್ ಗುಡ್ ಎಂಬ ವಾಸ್ತುಶಿಲ್ಪಿ ಸಿದ್ಧಪಡಿಸಿ, 1938ರಲ್ಲಿ ರಾಷ್ಟ್ರೀಯ ಉದ್ಯಾನ ಇಲಾಖೆ ಪ್ರಕಟಿಸಿದ ದೊಡ್ಡ ಗ್ರಂಥ. ಬೇಲಿ, ಸೇತುವೆ, ಒಲೆ, ನೀರಿನ ಕೊಳಾಯಿಯ ಕಟ್ಟೆಯವರೆಗೆ ಎಲ್ಲದರ ನಕ್ಷೆಯೂ ಅದರಲ್ಲಿದೆ. ಸರ್ಕಾರಿ ಪುಸ್ತಕದಲ್ಲಿ ಅಪರೂಪವಾದ ಹಾಸ್ಯವೂ ಇದೆ. ಬಿಡಾರದ ಭಾಗದಲ್ಲಿ ಟ್ರೇಲರಿಗಾಗಿ ಹಲವು ಮಾದರಿಗಳನ್ನು ಕೊಟ್ಟಿದ್ದಾರೆ. ಮುಖ್ಯವಾಗಿ ಎರಡು ಬಗೆ. ಒಂದರಲ್ಲಿ ಟ್ರೇಲರಿನವನು ಹಿಂದಾಗಿ ಕವಲಿಗೆ ಇಳಿಯಬೇಕು. ಆದ್ದರಿಂದ ಕವಲಿನ ಓರೆಯೂ ಅದಕ್ಕೆ ಹೊಂದಿಕೊಳ್ಳಬೇಕು: ಬಾಯಿಯನ್ನು ದಾಟಿ ಮುಂದೆ ಹೋಗಿ ನಿಂತು, ಅಲ್ಲಿಂದ ಸ್ವಲ್ಪವೇ ಬಳುಕಿ ಹಿಂದಕ್ಕೆ ಸರಿಯುವಂತೆ. ಇನ್ನೊಂದರಲ್ಲಿ ಹಿಂದಕ್ಕೆ ಹೋಗುವ ಗೊಡವೆಯೇ ಇಲ್ಲ. ದಾರಿಯ ಮಗ್ಗುಲಿಗೇ ಇನ್ನೊಂದು ಚಿಕ್ಕ ದಾರಿ ಬಿಲ್ಲಿನಂತೆ ಬಾಗಿ ಬಂದು ಸೇರುತ್ತದೆ. ಒಂದು ಕಡೆ ಹೊಕ್ಕು ಇನ್ನೊಂದು ಕಡೆ ಹೊರಡಬಹುದು. ಎರಡನೆಯದು ಸುಖವೇನೋ ಹೌದು, ಆದರೆ ಒಂದೊಂದು ಸಂಸಾರಕ್ಕೆ ಹೆಚ್ಚು ನೆಲ, ಹೆಚ್ಚು ದಾರಿ ನುಂಗುತ್ತದೆ. ಮರಗಳು ಒತ್ತಾಗಿರುವ ಕಡೆ ಮೊದಲನೆಯದೇ ಗತಿ. ಟ್ರೇಲರುಗಳನ್ನು ಒಪ್ಪಿಕೊಂಡ ಕಾಡಿನ ತೋಪುಗಳಲ್ಲಿ ಬೆವರುವ ಪದ್ಧತಿ ಹೀಗೆ ನೆಲೆನಿಂತಿತು. ಚಾಲಕನ ಕಾಲು ಗಂಟೆಯ ಪೇಚಾಟ ಒಂದು ಕಡೆ, ಮರದ ನೂರಾರು ವರ್ಷ ಇನ್ನೊಂದು ಕಡೆ; ತಕ್ಕಡಿ ಮರದ ಕಡೆಗೆ ವಾಲಿತು.

ಯುದ್ಧದ ಕಾಲದ ಕಥೆ ಬೇರೆ. ಟ್ರೇಲರುಗಳು ಆಗ ಕಾರ್ಖಾನೆಯ ಕೂಲಿಗಾರರಿಗೆ ವಾಸದ ಮನೆಯಾದವು. ವಾಸಕ್ಕೆಂದೇ ಮಾಡಿದವು 1950ರ ದಶಕದ ನಡುವಿಗೆ ಹತ್ತು ಅಡಿ ಅಗಲಕ್ಕೆ ಬೆಳೆದು, ಹೆಸರಿಗಷ್ಟೇ ಗಾಲಿಯುಳ್ಳವಾಗಿ ಬೇರೆಯ ಜಾತಿಯೇ ಆದವು. ಪ್ರವಾಸದ ಟ್ರೇಲರು ತನ್ನ ದಾರಿ ಹಿಡಿಯಿತು. ಬಯಂ ತನ್ನ ಗಿರಾಕಿಗಳ ತಂಡ ಕಟ್ಟಿಕೊಂಡು 1959ರಲ್ಲಿ ಆಫ್ರಿಕದ ಕೇಪ್‌ಟೌನಿನಿಂದ ಹೊರಟು ಕೈರೋವರೆಗೆ ಬೆಳ್ಳಿಯ ಮನೆಗಳನ್ನು ಎಳೆಸಿದ. ಸ್ವದೇಶದಲ್ಲಿ ಉದ್ಯಾನಗಳು ಜನರಿಂದ ತುಂಬಿ ಬಿರಿಯುತ್ತಿದ್ದವು. 1956ರಲ್ಲಿ ಉದ್ಯಾನ ಇಲಾಖೆಯವರು ‘ಮಿಷನ್ 66’ ಎಂಬ ಹತ್ತು ವರ್ಷದ ಯೋಜನೆ ಹೂಡಿದರು. 1966ರ ವೇಳೆಗೆ ವರ್ಷಕ್ಕೆ 8 ಕೋಟಿ ಜನ ಬರುವರೆಂದು ಅಂದಾಜು ಹಾಕಿ, ದಾರಿ, ಬಿಡಾರಗಳನ್ನು ಹೆಚ್ಚಿಸಿದರು. ಆ ಕವಲುಗಳನ್ನು ಆ ಕಾಲದ ಟ್ರೇಲರಿನ ಅಳತೆಗೆ ಕಡಿದರು. ಟ್ರೇಲರು ಆಮೇಲೂ ಬೆಳೆಯಿತು, ಕವಲು ಬೆಳೆಯಲಿಲ್ಲ. ಈಗ 35, 40 ಅಡಿಯ ಮನೆಗಳೂ ಸಾಮಾನ್ಯ. ನಿಂತ ಮೇಲೆ ಗೋಡೆಯನ್ನು ಪೆಟ್ಟಿಗೆಯಂತೆ ಪಕ್ಕಕ್ಕೆ ಎಳೆದು ಕೋಣೆಯನ್ನು ಅಗಲ ಮಾಡಿಕೊಳ್ಳುವ ಬಗೆ 1990ರ ದಶಕದಿಂದ ಬಳಕೆಗೆ ಬಂದಿದೆ. ಹಾಗಾಗಿ ಹೇಗೋ ಒಳಗೆ ಹೋದರೆ ಸಾಲದು, ಪಕ್ಕದ ಮರ ಗೋಡೆಗೆ ದಾರಿ ಬಿಟ್ಟಿದೆಯೇ ಎಂದೂ ನೋಡಬೇಕು.

ಖಾಸಗಿಯವರು ಬೇರೆ ಉತ್ತರ ಕಂಡುಕೊಂಡರು. 1962ರಲ್ಲಿ ಮೊಂಟಾನದ ಬಿಲ್ಲಿಂಗ್ಸ್ ಊರಿನಲ್ಲಿ, ಸಿಯಾಟಲಿನ ವಿಶ್ವಪ್ರದರ್ಶನಕ್ಕೆ ಹೋಗುವ ದಾರಿಹೋಕರಿಗಾಗಿ ಶುರುವಾದ ಕೆ. ಓ. ಎ. ಬಿಡಾರ ಆಮೇಲೆ ದೇಶವೆಲ್ಲ ಹಬ್ಬಿತು. ಇಂಥ ಬಿಡಾರಗಳಲ್ಲಿ ಒಂದು ಕಡೆ ಹೊಕ್ಕು ಇನ್ನೊಂದು ಕಡೆ ಹೊರಡುವ ತಾಣಗಳೇ ದೊಡ್ಡ ಆಕರ್ಷಣೆ. ಹೆದ್ದಾರಿಯ ಪಕ್ಕದ ಬಯಲಾದ್ದರಿಂದ ಮರದ ಚಿಂತೆ ಕಡಮೆ. ಹಿಂದಕ್ಕೆ ನೋಡದೆ ಸುಖವಾಗಿ ಬಂದು ಸುಖವಾಗಿ ಹೋಗಬಹುದು. ಎರಡು ಮನೆಗಳ ನಡುವೆ ಪೊದೆಯ ಗೋಡೆ ಮಾತ್ರ ಇರುವುದಿಲ್ಲ. ಪಕ್ಕದವರ ದೋಸೆ ಚುಯ್ಯೆಂದದ್ದು ನಿಮಗೆ ಕೇಳಿಸುತ್ತದೆ, ಅವರು ದೋಸೆ ಮಾಡುವವರಾಗಿದ್ದರೆ.

ಇಷ್ಟರ ನಡುವೆ ಹಿಂದಕ್ಕೆ ನಡೆಸುವ ವಿದ್ಯೆಯೂ ಪಂಡಿತರ ಕಣ್ಣಿಗೆ ಬಿತ್ತು. 1989ರಲ್ಲಿ ಸ್ಟಾನ್‌ಫರ್ಡ್ ವಿಶ್ವವಿದ್ಯಾನಿಲಯದ ಡೆರಿಕ್ ನ್ಯುಯೆನ್ ಮತ್ತು ಬರ್ನಾರ್ಡ್ ವಿಡ್ರೋ ಎಂಬುವರು, ಯಂತ್ರ ತನ್ನ ತಪ್ಪಿನಿಂದ ತಾನೇ ಕಲಿಯಬಲ್ಲುದೆಂದು ತೋರಿಸುವುದಕ್ಕೆ ಆರಿಸಿಕೊಂಡ ಸಮಸ್ಯೆ ಟ್ರೇಲರು ಕಟ್ಟಿದ ಲಾರಿಯನ್ನು ಹಿಂದಕ್ಕೆ ಹೊಗಿಸುವುದೇ. ಕಂಪ್ಯೂಟರಿನೊಳಗಿನ ಆ ಲಾರಿ ಸಾವಿರಾರು ಸಲ ಸೊಟ್ಟಗೆ ಹೋಗಿ, ಮಡಚಿಕೊಂಡು, ಕೊನೆಗೆ ನೆಟ್ಟಗೆ ಹೋಗುವುದನ್ನು ಕಲಿಯಿತು. ಸಾವಿರಾರು ಸಲ! ಮನುಷ್ಯನಿಗೆ ಒಂದು ಭಾನುವಾರ ಬೆಳಿಗ್ಗೆ ಖಾಲಿ ಬಯಲು ಸಿಕ್ಕರೆ ಸಾಕು. 2015ರಲ್ಲಿ ಫೋರ್ಡ್ ಕಂಪೆನಿಯವರು ತಮ್ಮ ಪಿಕಪ್ ಲಾರಿಗೆ ಒಂದು ಗುಂಡಿಯನ್ನು ಜೋಡಿಸಿದರು. ಟ್ರೇಲರು ಎತ್ತ ಹೋಗಬೇಕೋ ಅತ್ತ ಗುಂಡಿ ತಿರುಗಿಸಿದರೆ ಚಕ್ರವನ್ನು ಯಂತ್ರವೇ ತಿರುಗಿಸಿಕೊಳ್ಳುತ್ತದೆ. ಚಕ್ರದ ಬುಡ ಹಿಡಿಯಿರಿ ಎಂಬ ಹಳಬರ ಮಾತು ತಾನೆ ಇದು? ಕೈಯ ಬದಲಿಗೆ ಗುಂಡಿ ಬಂದಿದೆ. ಆದರೆ ತಲೆಯ ಮೇಲೆ ಚಾಚಿದ ಕೊಂಬೆ ಛಾವಣಿಗೆ ತಾಕುತ್ತದೆಯೇ ಎಂದು ಗುಂಡಿಗೆ ಗೊತ್ತಿಲ್ಲ. ಇಳಿದು ನೋಡಬೇಕು, ಇಲ್ಲವೆ ಹಿಂದೆ ನಿಂತವರನ್ನು ನಂಬಬೇಕು.

ಕವಲನ್ನು ಅಗಲ ಮಾಡಿ, ಉದ್ದ ಮಾಡಿ ಎಂಬ ಕೂಗು ನಿಂತಿಲ್ಲ. ಕೆಲವು ತೋಪುಗಳಲ್ಲಿ ಮಾಡಿದ್ದಾರೆ. ಎಷ್ಟೋ ಹಳೆಯ ತೋಪುಗಳ ಬಾಗಿಲಲ್ಲಿ ಇಷ್ಟು ಅಡಿಗಿಂತ ಉದ್ದದ ಟ್ರೇಲರಿಗೆ ಪ್ರವೇಶವಿಲ್ಲವೆಂದು ಹಲಗೆ ಹಾಕಿದ್ದಾರೆ. ಮೈನೆಕೆ ಮೊದಲು ಬೇರು ನೋಡಿದ ಸಿಕೋಯ ಉದ್ಯಾನದಲ್ಲಿ ಆದದ್ದನ್ನೂ ಇಲ್ಲಿ ಹೇಳಬೇಕು. ಮಹಾವೃಕ್ಷಗಳ ನಡುವೆ ಕಾಲಕಾಲಕ್ಕೆ ಎದ್ದಿದ್ದ ವಸತಿ, ಅಂಗಡಿ ಮೊದಲಾದ ಇನ್ನೂರಕ್ಕೂ ಹೆಚ್ಚು ಕಟ್ಟಡಗಳನ್ನು 1990ರ ದಶಕದ ಕೊನೆಯಲ್ಲಿ ಕಿತ್ತು, ಡಾಂಬರು ತೆಗೆದು, ಗಟ್ಟಿಯಾಗಿದ್ದ ನೆಲವನ್ನು ಸಡಿಲಿಸಿದರು. ಅವನ ಟಿಪ್ಪಣಿಗೆ ಆಗ ಎಪ್ಪತ್ತು ವರ್ಷ ವಯಸ್ಸಾಗಿತ್ತು.

ನೀವಿನ್ನೂ ಅಲ್ಲೇ ದಾರಿಯಲ್ಲಿ ಅಡ್ಡಲಾಗಿ ನಿಂತಿದ್ದೀರಿ. ಇಳಿದು ಒಮ್ಮೆ ಹಿಂದಕ್ಕೆ ನಡೆದು ಹೋಗಿ ನೋಡಿ. ಬಂಡೆಯ ಮೈಮೇಲೆ ಬಿಳಿ, ನೀಲಿ, ಬೆಳ್ಳಿಯ ಗೀರುಗಳಿವೆ. ನಿಮಗಿಂತ ಮೊದಲು ಬಂದವರ ಸಹಿ ಅದು. ಪೈನ್ ಮರದ ತೊಗಟೆ ಮಾತ್ರ ಪೂರ್ತಿಯಾಗಿದೆ. ಮತ್ತೆ ಹತ್ತಿ ಕೂತು, ಚಕ್ರದ ಬುಡಕ್ಕೆ ಕೈ ಹಾಕಿ, ಎತ್ತು ನಡೆಯುವಷ್ಟು ಮೆಲ್ಲಗೆ ಬಿಡಿ. ಬಾಲ ಒಳಕ್ಕೆ ತಿರುಗಿತೇ? ಈಗ ಚಕ್ರವನ್ನು ಎದುರು ದಿಕ್ಕಿಗೆ ತಂದು ಮೋಟಾರು ಅದನ್ನು ಹಿಂಬಾಲಿಸಲು ಬಿಡಿ. ಹೆಂಡತಿಯ ಎರಡು ಕೈಗಳೂ ಮೇಲೆದ್ದವು, ನಿಲ್ಲಿಸಿ. ಗಾಲಿಗೆ ಅಡ್ಡಕಟ್ಟೆ ಕೊಟ್ಟು, ಕೊಂಡಿ ಬಿಚ್ಚಿ, ಕಾಫಿಗೆ ನೀರಿಡುವಷ್ಟರಲ್ಲಿ ದಾರಿಯ ತಿರುವಿನಲ್ಲಿ ಇನ್ನೊಂದು ಜೋಡಿ ದೀಪ ಕಾಣಿಸುತ್ತದೆ. ನಿಮ್ಮದಕ್ಕಿಂತ ಐದು ಅಡಿ ಉದ್ದದ ಮನೆ, ಕುರುಡು ಮಗ್ಗುಲಿನ ತಾಣ. ನೀವು ನಿಮ್ಮ ಕುರ್ಚಿಯನ್ನು ದಾರಿಯ ಕಡೆಗೆ ತಿರುಗಿಸಿಕೊಂಡು ಕೂರುತ್ತೀರಿ.